ಹದಿನೇಳನೆಯ ಊರಿನ ಬಾವುಟ

ಕಳೆದ ವಾರ ಸೀರೆಗೆ ಫಾಲ್ ಹಚ್ಚಿಸಲು ಕಲಬುರಗಿಯ ನಮ್ಮ ಬಡಾವಣೆ ಖೂಬಾ ಪ್ಲಾಟಿನ ಟೇಲರ್ ಹತ್ತಿರ ಹೋಗಿದ್ದೆ. ಅವನು ಅಂಚಿನ ಎಳೆ ಬಿಚ್ಚದಿರಲಿ ಎಂದು ಕಡ್ಡಿ ಗೀರಿ ಬಟ್ಟೆಯ ತುದಿಗೆ ಹಿಡಿದ. ಪಾಲಿಯೆಸ್ಟರ್ ಸುಟ್ಟ ವಾಸನೆ ಯಾರಿಗೂ ಸೇರುವಂಥದ್ದಲ್ಲ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಬಿಲ್ಲಿನ ಚೀಟಿ ಕೈಯಲ್ಲಿ ಹಿಡಿದು, ಹೋಗುವ ದಾರಿ ಮರೆತವಳ ಹಾಗೆ ನಿಂತುಬಿಟ್ಟೆ. ಕಪನೂರಿನಲ್ಲಿ ಕಳೆದ ಆ ಬೇಸಿಗೆಯ ವಾಸನೆ ಅದು.

ಆ ವರ್ಷಕ್ಕೆ ಹಿಂದಿನ ಚೈತ್ರದಲ್ಲಿ ಆಯಿ, ನನ್ನ ತಾಯಿ, ತೀರಿಕೊಂಡಿದ್ದಳು. ಆರು ವರ್ಷ ಹಾಸಿಗೆ ಹಿಡಿದವಳನ್ನು ನೋಡಿಕೊಳ್ಳಲು ನಾನು ಶರಣಬಸವೇಶ್ವರ ಗುಡಿಯ ಕಡೆಯ ಒಂದು ಶಾಲೆಯ ಚಿತ್ರಕಲೆ ಮಾಸ್ತರಿಕೆ ಬಿಟ್ಟಿದ್ದೆ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ದೊಡ್ಡ ಕಥೆಯೇನಲ್ಲ, ನೋಡಲು ಬಂದವರಿಗೆ ಚಹಾ ಕೊಡುವಷ್ಟರಲ್ಲಿ ವಯಸ್ಸಾಗಿಬಿಟ್ಟಿತು, ಅಷ್ಟೇ. ಆಯಿ ಹೋದ ಮೇಲೆ ಖೂಬಾ ಪ್ಲಾಟಿನ ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ನಾನೊಬ್ಬಳೇ. ಬಾಯಿ ಕಟ್ಟಿದ ಹಾಗಾಗುತ್ತದೆ ಎಂದು ತರಕಾರಿ ಗಾಡಿ ನಿಲ್ಲಿಸಿ, ಬೇಡದ ಬದನೆಕಾಯಿಗೆ ಚೌಕಾಶಿ ಮಾಡುತ್ತಿದ್ದೆ. ಗಾಡಿಯವನಿಗೂ ಗೊತ್ತಾಗಿರಬೇಕು, ಅವನೂ ಎರಡು ಮಾತು ಹೆಚ್ಚೇ ಆಡುತ್ತಿದ್ದ.

ಸಂಕ್ರಾಂತಿ ಮುಗಿದ ಮೇಲೆ ಕೆಳಗಿನ ಮನೆಯವರು ಒಂದು ಸುದ್ದಿ ತಂದರು. ಊರ ಹೊರಗಿನ ಕಪನೂರಿನಲ್ಲಿ ವಿರೂಪಾಕ್ಷಪ್ಪ ಎನ್ನುವವರ ಬಾವುಟದ ಕಾರ್ಖಾನೆಗೆ ಚಿತ್ರ ಬರೆಯಬಲ್ಲವರು ಬೇಕಂತೆ. ಕಾರ್ಖಾನೆ ಎಂದರೆ ತಗಡಿನ ಒಂದು ಶೆಡ್ಡು, ಒಂಬತ್ತು ಹೊಲಿಗೆ ಮಶೀನು, ನಡುವೆ ಶಾಬಾದಿ ಕಲ್ಲಿನ ಉದ್ದನೆಯ ಮೇಜು. ವರ್ಷವಿಡೀ ಶಾಲೆಗಳ ಬಾವುಟ, ಗುಡಿಗಳ ಬಾವುಟ, ಚುನಾವಣೆ ಬಂದರೆ ಯಾವ ಪಕ್ಷದ್ದಾದರೂ ಸರಿ. ಆ ವರ್ಷ ಸೊಲ್ಲಾಪುರದ ವ್ಯಾಪಾರಿಯೊಬ್ಬರು ತಮ್ಮ ಕೈಗೆ ಬಂದ ಪರದೇಶದ ಕೆಲಸವನ್ನು ಇವರಿಗೆ ಕೊಟ್ಟಿದ್ದರು. ಜರ್ಮನಿಯ ಇಪ್ಪತ್ತೆರಡು ಸಣ್ಣ ಸಣ್ಣ ಊರುಗಳ ಬಾವುಟ. ಅಲ್ಲಿ ದೇಶಕ್ಕೆ, ಪ್ರಾಂತಕ್ಕೆ ಇರುವಂತೆ ಊರೂರಿಗೂ ಒಂದು ಲಾಂಛನ ಇರುತ್ತದಂತೆ. ಗುರಾಣಿಯ ಆಕಾರದೊಳಗೆ ಆ ಊರಿನದೇ ಒಂದು ಗುರುತು. ಆ ಗುರಾಣಿಯನ್ನು ಬಾವುಟದ ಮೇಲೆ ಹೊಲಿದು ಪಂಚಾಯ್ತಿಯ ಮುಂದೆ ಹಾರಿಸುತ್ತಾರೆ.

ನನ್ನ ಕೆಲಸ ಎರಡು. ಸೊಲ್ಲಾಪುರದಿಂದ ಬಂದ ಅಂಗೈಯಗಲದ ಬಣ್ಣದ ಚಿತ್ರವನ್ನು ದೊಡ್ಡ ಬೆಣ್ಣೆ ಕಾಗದದ ಮೇಲೆ ಬರೆದು, ಗೆರೆಗುಂಟ ಸೂಜಿಯಿಂದ ತೂತು ಹಾಕಿ ಖಾಕಾ ತಯಾರು ಮಾಡುವುದು ಮೊದಲನೆಯದು. ಖಾಕಾವನ್ನು ಬಟ್ಟೆಯ ಮೇಲಿಟ್ಟು, ಸುಣ್ಣದ ಪುಡಿ ಕಲಸಿದ ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿದರೆ ತೂತಿನಿಂದ ಇಳಿದು ಚಿತ್ರ ಮೂಡುತ್ತದೆ. ಹೊಲಿದು ಮುಗಿದ ಬಾವುಟವನ್ನು ಬಿಚ್ಚಿ, ಚಿತ್ರದ ಹಾಳೆಯ ಪಕ್ಕ ಇಟ್ಟು, ಎರಡೂ ಒಂದೇ ಎಂದು ನೋಡಿ ಹಾಳೆಗೆ ಸಹಿ ಹಾಕುವುದು ಎರಡನೆಯದು. ಸಹಿ ಹಾಕದೆ ಒಂದು ಬಾವುಟವೂ ಡಬ್ಬಿಗೆ ಬೀಳಬಾರದು ಎಂದು ವಿರೂಪಾಕ್ಷಪ್ಪ ಸಾಹುಕಾರರು ಮೊದಲ ದಿನವೇ ಹೇಳಿದ್ದರು.

ಚಿತ್ರದ ತುಂಡುಗಳನ್ನು ಕತ್ತರಿಸಿ, ಅಂಚು ಸುಟ್ಟು, ಬಾವುಟದ ಮೇಲೆ ಹಚ್ಚಿ ಹೊಲಿಯುತ್ತಿದ್ದವರು ಶರಣಮ್ಮ. ಐವತ್ತರ ಹೆಂಗಸು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಆ ಬಸ್ಸಿಗೆ ಊರು ಸೇರುವ ಮೊದಲೇ ಕಪನೂರು ಸಿಗುವುದರಿಂದ ಕಲಬುರಗಿ ಪೇಟೆ ನೋಡಿ ಎಷ್ಟೋ ತಿಂಗಳಾಯಿತು ಎನ್ನುತ್ತಿದ್ದರು. ನಾನು ಮಾಸ್ತರಿಕೆ ಮಾಡಿದವಳೆಂದು ತಿಳಿದ ಕೂಡಲೇ ನನ್ನನ್ನು ಅಕ್ಕೋರು ಎಂದು ಕರೆಯತೊಡಗಿದರು. ಶೆಡ್ಡಿನವರೆಲ್ಲ ಹಾಗೇ ಕರೆದರು. ಆರು ವರ್ಷದ ಮೇಲೆ ಆ ಹೆಸರು ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಮೊದಲ ದಿನ ಮನೆಗೆ ಬಂದು ಒಬ್ಬಳಿಗೇ ಪಾಯಸ ಮಾಡಿಕೊಂಡೆ.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ಅವರ ಗಂಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜೊತೆಗೆ ಮೈದುನನ ತೋಟದ ಕೆಂಪು ಬಾಳೆಹಣ್ಣು. ನನ್ನ ಡಬ್ಬಿಯಲ್ಲಿ ಮೊಸರನ್ನ. ಮೊಸರನ್ನ ತಿಂದು ಯಾರು ದುಡಿಯುತ್ತಾರೆ ಎಂದು ಅರ್ಧ ರೊಟ್ಟಿ ನನ್ನ ಡಬ್ಬಿಗೆ ಹಾಕುತ್ತಿದ್ದರು. ಒಂದು ಸಲ ಕಮಲಾಪುರಕ್ಕೆ ಬನ್ನಿ, ತೋಟ ತೋರಿಸುತ್ತೇನೆ ಎಂದು ವಾರಕ್ಕೊಮ್ಮೆಯಾದರೂ ಕರೆಯುತ್ತಿದ್ದರು. ನಾನು ನೋಡೋಣ ಎನ್ನುತ್ತಿದ್ದೆ. ಒಂಟಿಯಾಗಿದ್ದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಕರೆದರೆ ಹೋಗುವುದಿಲ್ಲ, ಕರೆಯದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಆ ಊರುಗಳ ಗುರುತುಗಳು ನನಗೆ ಬಹಳ ಹಿಡಿಸಿದವು. ಸಿಂಹ, ಹದ್ದು, ಕಿರೀಟ ಇರಬಹುದು ಎಂದುಕೊಂಡಿದ್ದೆ. ಬಂದದ್ದು ನೋಡಿದರೆ ಒಂದು ಊರಿಗೆ ನೀರಿನ ಗಿರಣಿಯ ಚಕ್ರ, ಒಂದಕ್ಕೆ ಮೂರು ಮೀನು, ಇನ್ನೊಂದಕ್ಕೆ ಎರಡು ಸಲಿಕೆ. ಮತ್ತೊಂದಕ್ಕೆ ಬರೀ ಒಂದು ಸೇತುವೆ, ಕೆಳಗೆ ನೀಲಿ ಅಲೆ. ಸಂಜೆ ಮನೆಗೆ ಬಂದು ಹಾಳೆಯ ಕೆಳಗಿನ ಹೆಸರನ್ನು ಫೋನಿನಲ್ಲಿ ಹಾಕಿ ಹುಡುಕುತ್ತಿದ್ದೆ. ನಮ್ಮ ಓಣಿಯಲ್ಲಿರುವಷ್ಟು ಜನವೂ ಇಲ್ಲದ ಊರುಗಳು. ಒಂದು ಚರ್ಚು, ಒಂದು ರಸ್ತೆ, ಹಸಿರು ಹೊಲ, ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಷ್ಟು ಸಣ್ಣ ಊರೂ ನಾನು ಇಂಥದ್ದು ಎಂದು ಕಂಬ ಏರಿ ಹೇಳಿಕೊಳ್ಳುತ್ತದಲ್ಲ ಎಂದು ಆಶ್ಚರ್ಯವಾಗುತ್ತಿತ್ತು. ರಾತ್ರಿಯ ಅಡುಗೆ ಮರೆತು ಆ ಖಾಲಿ ರಸ್ತೆಗಳನ್ನು ನೋಡುತ್ತ ಕೂತಿರುತ್ತಿದ್ದೆ.

ಊಟದ ಹೊತ್ತಿಗೆ ನಮ್ಮದೇ ಒಂದು ಆಟ ಶುರುವಾಯಿತು. ಕಮಲಾಪುರಕ್ಕೆ ಗುರುತು ಯಾವುದು? ಅದಕ್ಕೇನು ಯೋಚನೆ, ಕೆಂಪು ಬಾಳೆಗೊನೆ ಎಂದರು ಶರಣಮ್ಮ. ಕಲಬುರಗಿಗೆ ತೊಗರಿ ಎಂದು ಒಬ್ಬಳು, ಗುಂಬಜ್ ಎಂದು ಇನ್ನೊಬ್ಬಳು. ಹಾಗೇ ಮನುಷ್ಯರಿಗೂ ಬಂತು. ಸಾಹುಕಾರರಿಗೆ ಕತ್ತರಿ, ಶರಣಮ್ಮನವರಿಗೆ ಬಸ್ಸು. ನನಗೆ ಏನು ಎಂದು ಯಾರೋ ಕೇಳಿದಾಗ ಶರಣಮ್ಮ ನಗುತ್ತ ಬೀಗ ಎಂದರು. ಊಟದ ನಡುವೆ ಎರಡು ಸಲ ಚೀಲ ತೆಗೆದು ಮನೆಯ ಕೀಲಿಕೈ ಇದೆಯೋ ಇಲ್ಲವೋ ನೋಡುವುದು ನನ್ನ ಅಭ್ಯಾಸ, ಅದಕ್ಕೆ ಆಡಿದ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಧ್ಯಾಹ್ನ ಅವರು ಕೊಟ್ಟ ಅರ್ಧ ರೊಟ್ಟಿಯನ್ನು ಡಬ್ಬಿಯಲ್ಲೇ ಮುಚ್ಚಿಟ್ಟೆ.

ಹನ್ನೊಂದನೆಯ ಊರಿನ ಗುರುತು ಒಂದು ಗಿಡ. ಅದರ ಬೇರುಗಳೂ ಕಾಣುವಂತೆ ಬರೆಯುವುದು ಅವರ ಪದ್ಧತಿ. ನಾನು ಖಾಕಾದಲ್ಲಿ ಐದು ಬೇರನ್ನೂ ತಪ್ಪದೆ ತೂತು ಹಾಕಿದ್ದೆ. ಬಾವುಟ ಬಿಚ್ಚಿ ನೋಡಿದರೆ ಬೇರುಗಳೇ ಇಲ್ಲ, ಅವುಗಳ ಜಾಗದಲ್ಲಿ ಕಪ್ಪು ಮಣ್ಣಿನ ದಿಬ್ಬ. ಇದೇನು ಶರಣಮ್ಮ ಎಂದು ಕೇಳಿದೆ.

“ಗಿಡ ಕಿತ್ತು ಇಟ್ಟಂಗ ಕಾಣಾಕತ್ತಿತ್ರಿ ಅಕ್ಕೋರ. ಬೇರು ಹೊರಗ ಬಿದ್ದದ್ದು ಎಷ್ಟು ದಿನ ಬದುಕೀತು? ಅದಕ ಒಂಚೂರು ಮಣ್ಣು ಹಾಕೀನಿ” ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಕೂತು ಹೊಲಿಗೆ ಬಿಚ್ಚಿದೆವು, ಮಣ್ಣು ತೆಗೆದೆವು, ಬೇರು ಹಚ್ಚಿದೆವು. ಸಾಹುಕಾರರ ಕಿವಿಗೆ ಹಾಕಲಿಲ್ಲ. ಆಮೇಲೆ ಒಂದೊಂದು ಬಾವುಟವನ್ನೂ ಹೆಚ್ಚು ಜಾಗ್ರತೆಯಿಂದ ನೋಡತೊಡಗಿದೆ. ಶರಣಮ್ಮನ ಕೈ ಕಣ್ಣಿಗಿಂತ ಮುಂದೆ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಮುಂದೆ ಆದದ್ದಕ್ಕೆ ಗೊತ್ತಿರಲಿಲ್ಲ ಎನ್ನುವ ನೆಪ ನನಗೆ ಇಲ್ಲ.

ಚೈತ್ರ ಬಂದ ಮೇಲೆ ಶೆಡ್ಡಿನಲ್ಲಿ ಕೂರುವುದೇ ಒಂದು ಶಿಕ್ಷೆಯಾಯಿತು. ಕಲಬುರಗಿಯ ಬಿಸಿಲು ಹೊರಗಿನವರಿಗೆ ಹೇಳಿದರೆ ಉತ್ಪ್ರೇಕ್ಷೆ ಅನ್ನುತ್ತಾರೆ, ನಾವು ಹೇಳುವುದನ್ನೇ ಬಿಟ್ಟಿದ್ದೇವೆ. ತಗಡು ಕಾದು ಟಪಟಪ ಸದ್ದು ಮಾಡುತ್ತಿತ್ತು. ಹಗುರ ಬಟ್ಟೆ ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಸುಟ್ಟ ಪಾಲಿಯೆಸ್ಟರ್, ಸೀಮೆಎಣ್ಣೆ, ಬೆವರು ಎಲ್ಲ ಕೂಡಿ ಒಂದು ವಾಸನೆ. ಶಾಬಾದಿ ಕಲ್ಲು ಮಾತ್ರ ಮಧ್ಯಾಹ್ನದವರೆಗೆ ತಣ್ಣಗಿರುತ್ತಿತ್ತು, ನಾವು ಹೆಂಗಸರು ಸರದಿಯಂತೆ ಅದರ ಮೇಲೆ ಕೆನ್ನೆ ಇಟ್ಟು ಏಳುತ್ತಿದ್ದೆವು. ಅಷ್ಟು ಬಿಸಿಲಿನಲ್ಲೂ ಭಾನುವಾರ ರಜೆ ಬಂದರೆ ನನಗೆ ಬೇಸರವಾಗುತ್ತಿತ್ತು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲ ಮುಂದೆ ನಿಂತಿರುತ್ತಿದ್ದೆ.

ಹದಿನೇಳನೆಯ ಹಾಳೆ ಬಂದದ್ದು ಆಗ. ಹಳದಿ ಗುರಾಣಿಯಲ್ಲಿ ಕೆಂಪು ಎತ್ತಿನ ತಲೆ. ತಲೆ ಅಷ್ಟೇ. ಕುತ್ತಿಗೆಯ ಹತ್ತಿರ ಚರ್ಮ ಹರಿದಂತೆ ಚೂಪು ಚೂಪು, ನಾಲಿಗೆ ಹೊರಗೆ. ನಾನು ಖಾಕಾ ಮಾಡಿ ಕೊಟ್ಟೆ. ಶರಣಮ್ಮ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಅಕ್ಕೋರ, ಇದು ಕಡದ ತಲಿ. ಊರ ಮುಂದ ಕಂಬಕ್ಕ ಇದನ್ನ ಏರಸ್ತಾರೇನ್ರಿ?”

ನಾನು ಮರುದಿನ ಸೊಲ್ಲಾಪುರಕ್ಕೆ ಹೊರಡುವವಳು. ಅಣ್ಣನ ಮನೆಯಲ್ಲಿ ಆಯಿಯ ವರ್ಷಾಬ್ದಿಕ. ಮನಸ್ಸು ಅಲ್ಲಿತ್ತು. ಹಾಳೆಯಲ್ಲಿ ಇದ್ದ ಹಾಗೆ ಹೊಲಿಯಿರಿ, ಉಳಿದದ್ದು ನಮಗೇಕೆ ಎಂದುಬಿಟ್ಟೆ. ಮನೆಯಲ್ಲಿ ಎತ್ತು ಕಟ್ಟುವವರು ಅವರು. ಕಾರಹುಣ್ಣಿಮೆಗೆ ಅವುಗಳ ಕೊಂಬಿಗೆ ಬಣ್ಣ ಹಚ್ಚಿ, ಬಸವಣ್ಣ ಎಂದು ಕಾಲಿಗೆ ಬೀಳುವವರು. ಒಂದು ಗಳಿಗೆ ಪಕ್ಕದಲ್ಲಿ ಕೂತು, ಅವರ ಕಡೆ ಅದು ಹಿಂದಿನಿಂದ ಬಂದ ಪದ್ಧತಿ, ಅದರಲ್ಲಿ ಕೇಡಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಸೊಲ್ಲಾಪುರದಲ್ಲಿ ಅಣ್ಣನಾಗಲಿ, ವೈನಿ ಎಂದು ನಾನು ಕರೆಯುವ ಅತ್ತಿಗೆಯಾಗಲಿ ನನಗೆ ಕೆಟ್ಟ ಮಾತು ಆಡಲಿಲ್ಲ. ಚೀಲ ಕೆಳಗಿಡುವ ಮೊದಲೇ ವಾಪಸ್ಸು ಯಾವ ಬಸ್ಸಿಗೆ ಎಂದು ವೈನಿ ಮರಾಠಿಯಲ್ಲಿ ಕೇಳಿದಳು, ಅಷ್ಟೇ. ಆರು ವರ್ಷ ಆಯಿಯ ಬಾಯಿಗೆ ಗಂಜಿ ಹಾಕಿದವಳು ನಾನು. ಅಡುಗೆಮನೆಯಲ್ಲಿ ಯಾವ ಡಬ್ಬಿ ಮುಟ್ಟಲಿ ಎಂದು ತಿಳಿಯದೆ ಎರಡು ದಿನ ಬಾಗಿಲಿಗೆ ಒರಗಿ ನಿಂತಿದ್ದೆ. ಹೊರಡುವಾಗ ಇನ್ನೊಂದು ದಿನ ಇರು ಎಂದು ಯಾರೂ ಅನ್ನಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಮರುದಿನ ಶೆಡ್ಡಿಗೆ ಹೋದಾಗ ಹದಿನೇಳನೆಯ ಬಾವುಟ ಮಡಚಿ, ಲಾಡಿ ಕಟ್ಟಿ, ನನ್ನ ಮೇಜಿನ ಮೇಲಿತ್ತು. ಅದರ ಹಿಂದೆಯೇ ಇನ್ನೂ ಎರಡು. ಬಿಚ್ಚಿ, ಹರವಿ, ನೋಡಿ, ಮತ್ತೆ ಮಡಚುವಷ್ಟು ಕೈಯಲ್ಲಿ ಕಸುವಿರಲಿಲ್ಲ. ಮೂರಕ್ಕೂ ಸಹಿ ಹಾಕಿದೆ. ಬಸವ ಜಯಂತಿಗೆ ಎರಡು ದಿನ ಮೊದಲು ಡಬ್ಬಿಗಳೆಲ್ಲ ಸೊಲ್ಲಾಪುರಕ್ಕೆ ಹೋದವು.

ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ದಿನ ಸಾಹುಕಾರರು ನನ್ನನ್ನೂ ಶರಣಮ್ಮನನ್ನೂ ಕರೆದು ತಮ್ಮ ಫೋನು ತೋರಿಸಿದರು. ಹಸಿರು ಹುಲ್ಲಿನ ಬಯಲು, ಛತ್ರಿ ಹಿಡಿದ ನಾಲ್ಕು ಜನ, ಮಧ್ಯೆ ಬಿಳಿ ಕಂಬ. ಕಂಬದ ತುದಿಯ ಹಳದಿ ಗುರಾಣಿಯಲ್ಲಿ ಪೂರ್ತಿ ಮೈಯಿನ ಒಂದು ಬಸವಣ್ಣ ಕಾಲು ಮಡಚಿ ಕೂತಿದ್ದ. ಹೆಗಲ ಮೇಲೆ ಇಷ್ಟೆತ್ತರದ ಹಿಣಿಲು, ಕೊರಳಲ್ಲಿ ಗೆಜ್ಜೆಸರ, ಬಾಯಿ ಮುಚ್ಚಿತ್ತು. ನಿಜ ಹೇಳುತ್ತೇನೆ, ಇಪ್ಪತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ ನನಗೆ ಅಂಥ ಎತ್ತು ಒಂದು ದಿನವೂ ಬರೆಯಲು ಬಂದಿಲ್ಲ. ಪೆನ್ಸಿಲು ಹಿಡಿಯದ ಕೈ ಸೀಮೆಸುಣ್ಣದಿಂದ ನೇರ ಬಟ್ಟೆಯ ಮೇಲೆ ಗೆರೆ ಎಳೆದಿತ್ತು. ಆ ಊರಿನವರು ಇದು ನಮ್ಮ ಎತ್ತಲ್ಲ, ನಮ್ಮ ಕಡೆಯ ಎತ್ತಿಗೆ ಹಿಣಿಲೇ ಇರುವುದಿಲ್ಲ ಎಂದು ಬರೆದಿದ್ದರಂತೆ. ಸೊಲ್ಲಾಪುರದವರು ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಕೊಡುವ ಮಾತಾಡಿದ್ದರು. ಅದನ್ನು ತಪ್ಪಿಸಬೇಕಾದರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗಲೇಬೇಕು. ಸಾಹುಕಾರರು ನನ್ನ ಸಹಿಯ ಹಾಳೆ ಮುಂದಿಟ್ಟರು.

“ನೀವು ಬಿಚ್ಚಿ ನೋಡಿದ್ರೇನ್ರೀ ಅಕ್ಕೋರ?”

ಕೆಲಸ ಹೋದರೆ ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಎನ್ನುವುದೊಂದೇ ನನ್ನ ತಲೆಗೆ ಬಂದದ್ದು. ಊಟಕ್ಕೇನೂ ಕೊರತೆ ಇರಲಿಲ್ಲ. ಆ ಎರಡು ಕೋಣೆ ಕಣ್ಣ ಮುಂದೆ ಬಂದವು.

“ನೋಡಿದ್ದೆ. ನಾ ನೋಡಿದಾಗ ತಲಿ ಅಷ್ಟೇ ಇತ್ತು” ಎಂದೆ.

ಶರಣಮ್ಮ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಸಿಟ್ಟು ಕಾಣಲಿಲ್ಲ. ಆಮೇಲೆ ಸಾಹುಕಾರರಿಗೆ ಹೇಳಿದರು: “ಹೌದ್ರಿ. ಅಕ್ಕೋರು ನೋಡಿದ ಮ್ಯಾಲ ನಾನ ಬದಲಾ ಮಾಡೀನಿ.”

ಆ ಸಂಜೆಯೇ ಅವರು ರೊಟ್ಟಿಯ ಗಂಟು, ತಮ್ಮ ಸ್ವಂತದ ಕತ್ತರಿ ತೆಗೆದುಕೊಂಡು ಹೋದರು. ಬದಲಿ ಬಾವುಟವನ್ನು ನಾನೇ ಹೊಲಿದೆ. ಕಡಿದ ತಲೆ, ಹೊರಚಾಚಿದ ನಾಲಿಗೆ, ಹಾಳೆಯಲ್ಲಿ ಇದ್ದ ಹಾಗೆ. ಅಂಚು ಸುಡುವಾಗ ಬೆರಳು ಸುಟ್ಟುಕೊಂಡೆ, ಗುಳ್ಳೆ ಎದ್ದಿತು. ಮಧ್ಯಾಹ್ನ ಉಳಿದ ಹೆಂಗಸರು ನನ್ನನ್ನು ಕರೆದರು, ಹೋಗಿ ಕೂತೆ. ಮೊಸರನ್ನ ಹಾಗೇ ಮನೆಗೆ ವಾಪಸ್ಸು ಬಂತು. ಎರಡು ವಾರ ಹೀಗೇ ಕಳೆಯಿತು. ಅಷ್ಟರಲ್ಲಿ ಶರಣಮ್ಮನ ಮಶೀನಿಗೆ ಹೊಸ ಹೆಂಗಸು ಬಂದಳು.

ಮೂರನೆಯ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಮಳೆ ಹಿಡಿದಿತ್ತು, ಹೊಲಗಳಲ್ಲಿ ತೊಗರಿ ಬಿತ್ತುವ ಗಡಿಬಿಡಿ. ಕಮಲಾಪುರದಲ್ಲಿ ಇಳಿದು ಕೇಳಿದರೆ ಮನೆ ತೋರಿಸಿದರು. ಅಂಗಳ ತುಂಬ ಜನ. ಒಬ್ಬಳು ಅಕ್ಕಿ ಆರಿಸುತ್ತಿದ್ದಳು, ಇಬ್ಬರು ಯಾವುದೋ ವಿಷಯಕ್ಕೆ ಜಗಳಾಡುತ್ತಿದ್ದರು. ಶರಣಮ್ಮ ಎದ್ದು ಬಂದು ಬನ್ನಿ ಅಕ್ಕೋರ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಬಿಸಿ ರೊಟ್ಟಿ ಬಡಿದು ಹಾಕಿದರು, ಹಣ್ಣು ಕೊಟ್ಟರು, ತೋಟ ತೋರಿಸಲು ಕರೆದೊಯ್ದರು. ಬಾಳೆಯ ಸಾಲಿನ ನಡುವೆ ಕೆಸರಿನಲ್ಲಿ ನಿಂತು ಹೇಳಿದೆ. ನಾನು ಬಿಚ್ಚಿ ನೋಡಿರಲಿಲ್ಲ, ಸಾಹುಕಾರರ ಮುಂದೆ ಸುಳ್ಳು ಹೇಳಿದೆ, ನಾಳೆಯೇ ಅವರಿಗೆ ನಿಜ ಹೇಳುತ್ತೇನೆ ಎಂದೆ.

“ನನಗ ಆವತ್ತೇ ಗೊತ್ತಿತ್ರಿ” ಎಂದರು ಶರಣಮ್ಮ. “ಡಬ್ಬ್ಯಾಗ ಇಡುವಾಗ ನೋಡೀನಿ, ಲಾಡಿಗೆ ನಾ ಹಾಕಿದ ಗಂಟು ಹಾಕಿದಂಗೇ ಇತ್ತು.”

ಹಾಗಾದರೆ ಆ ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅವರು ಬಗ್ಗಿ ಒಣಗಿದ ಎಲೆಯೊಂದನ್ನು ಕಿತ್ತು ಪಕ್ಕಕ್ಕೆ ಹಾಕಿದರು.

“ಬಸವಣ್ಣನ್ನ ಮಾಡಿದ್ದು ನಾನ ಅಲ್ಲೇನ್ರಿ, ತಪ್ಪು ನಂದೂ ಐತಿ. ಮತ್ತ ನಾ ಅಲ್ಲಿಂದ ಹೊಂಟ್ರ ಇಲ್ಲಿಗೆ ಬರ್ತೀನಿ. ಮನ್ಯಾಗ ಹನ್ನೊಂದು ಮಂದಿ ಅದಾರ, ಬ್ಯಾಡಂದ್ರೂ ಮಾತಾಡಸ್ತಾರ. ನೀವು ಹೊಂಟ್ರ ಎಲ್ಲಿಗೆ ಹೋಗ್ತೀರಿ?”

ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಒಂಟಿತನ ಯಾರಿಗೂ ಕಾಣುವುದಿಲ್ಲ ಎಂದುಕೊಂಡು ಎಷ್ಟು ನೀಟಾಗಿ ಸೀರೆ ಉಟ್ಟು ಹೋಗುತ್ತಿದ್ದೆ ಆ ಶೆಡ್ಡಿಗೆ. ಈ ಹೆಂಗಸು ಅದನ್ನು ನೋಡಿದ್ದಳು, ತನ್ನ ಕೆಲಸ ಕೊಟ್ಟು ಮುಚ್ಚಿದ್ದಳು.

ಮರುದಿನ ಸಾಹುಕಾರರಿಗೆ ಎಲ್ಲ ಹೇಳಿದೆ. ಅವರು ಆದದ್ದಾಯಿತು, ಬದಲಿ ಬಾವುಟ ಆ ಊರಿಗೆ ಮುಟ್ಟಿದೆ, ಕೂತು ಕೆಲಸ ಮಾಡಿ ಎಂದರು. ನನ್ನ ಒತ್ತಾಯಕ್ಕೆ ಶರಣಮ್ಮನಿಗೂ ಮತ್ತೆ ಕೆಲಸಕ್ಕೆ ಬರಲು ಹೇಳಿಕಳಿಸಿದರು. ತೋಟದಲ್ಲಿ ಕೆಲಸ ಬಹಳ ಇದೆ ಎಂದು ಅವರು ಬರಲಿಲ್ಲ. ಹೊಸ ಹೆಂಗಸು ಒಳ್ಳೆಯ ಕೆಲಸಗಾತಿ, ತುಟಿ ಬಿಚ್ಚುತ್ತಿರಲಿಲ್ಲ, ಗೆರೆ ಬಿಟ್ಟು ಒಂದು ನೂಲೂ ಆಚೆ ಹೋಗುತ್ತಿರಲಿಲ್ಲ. ವರ್ಷ ಮುಗಿಯುವವರೆಗೂ ನಾನು ಅಲ್ಲಿದ್ದೆ. ಒಂದೊಂದು ಬಾವುಟದ ಲಾಡಿಯನ್ನೂ ಬಿಚ್ಚಿ, ಶಾಬಾದಿ ಕಲ್ಲಿನ ಮೇಲೆ ಹರವಿ, ಎರಡೂ ಬದಿ ತಿರುಗಿಸಿ ನೋಡಿದೆ. ಒಂದರಲ್ಲೂ ಯಾರೂ ಏನನ್ನೂ ತಿದ್ದಿರಲಿಲ್ಲ.